ಶೆಲ್ಬಿ ಮನೆಯ ಕೊನೆಯ ಸಿನಿಮಾ: ಅತ್ತೆಯನ್ನೂ ಕೂರಿಸಿಕೊಂಡು ನೋಡುವ ಕ್ರಮ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಊರಿನ ಶೆಲ್ಬಿ ಮನೆತನದ ಗ್ಯಾಂಗಿನ ಕಥೆ ಹೇಳುವ ಇಂಗ್ಲಿಷ್ ಧಾರಾವಾಹಿ ಪೀಕಿ ಬ್ಲೈಂಡರ್ಸ್ ಒಟ್ಟು 36 ಕಂತು, ಒಂದೊಂದೂ ಸುಮಾರು ಒಂದು ಗಂಟೆ. 2013ರಲ್ಲಿ ಬಿಬಿಸಿಯಲ್ಲಿ ಶುರುವಾದದ್ದು 2022ರ ಏಪ್ರಿಲ್‌ನಲ್ಲಿ ಆರನೇ ಸೀಸನ್‌ಗೆ ನಿಂತಿತು. ಆ ಕಥೆಯನ್ನು ಮುಗಿಸಲಿಕ್ಕೆಂದು ಮಾಡಿದ ಸಿನಿಮಾ ‘ದಿ ಇಮ್ಮಾರ್ಟಲ್ ಮ್ಯಾನ್’ 2026ರ ಮಾರ್ಚ್‌ನಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂತು. ಎರಡು ಗಂಟೆಯ ಸಿನಿಮಾಕ್ಕೆ 36 ಗಂಟೆ ಪೂರ್ವತಯಾರಿ ಯಾರಿಂದಾಗುತ್ತದೆ ಅಂತ ಶಿವಮೊಗ್ಗದಲ್ಲಿರುವ ನಾದಿನಿ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಒಂದೇ ಟಿವಿ, ಇಂಗ್ಲಿಷ್ ಬಾರದ ಅತ್ತೆ, ಮಳೆ ಹಿಡಿದರೆ ಹೇಳದೆ ಕೇಳದೆ ಹೋಗುವ ಕರೆಂಟು. ನಿಮ್ಮ ಮನೆಯೂ ಹೀಗೇ ಇದ್ದರೆ ಉಪಯೋಗಕ್ಕೆ ಬಂದೀತು.

ಧಾರಾವಾಹಿಯಲ್ಲಿ ಆಗುವ ಕೆಲವು ಸಾವುಗಳನ್ನು ಕೆಳಗೆ ಹೇಳಿಬಿಟ್ಟಿದ್ದೇನೆ. ಹೇಳದೆ ದಾರಿ ತೋರಿಸಲಿಕ್ಕಾಗುವುದಿಲ್ಲ. ಸಿನಿಮಾದ ಕೊನೆ ಮಾತ್ರ ಹೇಳುವುದಿಲ್ಲ.

ಮೊದಲ ಕೆಲಸ, ಟಿವಿ ಹಾಕುವುದಲ್ಲ, ವಂಶವೃಕ್ಷ ಬರೆಯುವುದು. ಅಡಿಕೆ ಮಂಡಿಯವರು ಕೊಡುವ ದೊಡ್ಡ ಕ್ಯಾಲೆಂಡರ್ ಇರುತ್ತದಲ್ಲ, ಅದರ ಮುಗಿದ ತಿಂಗಳ ಹಾಳೆ ಹರಿದು ಹಿಂಬದಿಯಲ್ಲಿ ಬರೆಯಿರಿ. ಮೇಲೆ ಪಾಲಿ. ಅವಳು ಈ ಹುಡುಗರ ತಂದೆಯ ತಂಗಿ, ಸೋದರತ್ತೆ. ಅವಳ ಕೆಳಗೆ ಅಣ್ಣನ ಮಕ್ಕಳು ಐವರು: ಆರ್ಥರ್, ಟಾಮಿ, ಜಾನ್, ಏಡಾ, ಫಿನ್. ಪಕ್ಕದಲ್ಲಿ ಪಾಲಿಯ ಮಗ ಮೈಕಲ್. ಚಿಕ್ಕವನಿದ್ದಾಗಲೇ ಅಧಿಕಾರಿಗಳು ತಾಯಿಯಿಂದ ಕಿತ್ತುಕೊಂಡು ಹೋಗಿ ಬೇರೆ ಮನೆಯಲ್ಲಿ ಬೆಳೆದವನು, ಎರಡನೇ ಸೀಸನ್‌ನಲ್ಲಿ ವಾಪಸು ಬರುತ್ತಾನೆ. ಟಾಮಿಯ ಕೆಳಗೆ ಎರಡು ಗೆರೆ ಎಳೆದು ಜಾಗ ಬಿಟ್ಟಿಡಿ. ಒಂದು ಟಾಮಿಯ ಹೆಂಡತಿ ಗ್ರೇಸ್‌ಳ ಮಗ ಚಾರ್ಲ್ಸ್‌ಗೆ, ಇನ್ನೊಂದು ಮದುವೆಯ ಹೊರಗೆ ಹುಟ್ಟಿದ ಡ್ಯೂಕ್‌ಗೆ. ಡ್ಯೂಕ್‌ನ ಹೆಸರನ್ನು ಆರನೇ ಸೀಸನ್ ತನಕ ಬರೆಯಬೇಡಿ, ಗೆರೆ ಖಾಲಿ ಇರಲಿ. ನಮ್ಮತ್ತೆ ಆ ಖಾಲಿ ಗೆರೆಯನ್ನು ನೋಡಿ ನೋಡಿ, “ಇಲ್ಲಿಗೆ ಯಾರು ಬರದು ಮಾರಾಯ್ತಿ?” ಅಂತ ದಿನಾ ಕೇಳುತ್ತಿದ್ದರು. ಕುತೂಹಲ ಉಳಿಸಲಿಕ್ಕೆ ಅದೇ ಸಾಕು.

ಗ್ಯಾಂಗು, ಗುಂಡು, ಬ್ಲೇಡು ಹೊಲಿದ ಟೋಪಿ ಎಲ್ಲ ಮೇಲಿನ ಆಡಂಬರ ಅಂತ ನನ್ನ ಅಭಿಪ್ರಾಯ. ಒಳಗಿರುವುದು ಮನೆ ಯಜಮಾನಿಕೆಯ ಜಗಳ. ಗಂಡಸರು ಮೊದಲನೇ ಮಹಾಯುದ್ಧಕ್ಕೆ ಹೋದಾಗ ಬೆಟ್ಟಿಂಗ್ ವ್ಯವಹಾರವನ್ನು ನಡೆಸಿದವಳು ಪಾಲಿ. 1919ರಲ್ಲಿ ಅವರು ವಾಪಸು ಬಂದು ಮೇಜಿನ ತಲೆಗೆ ಕೂತರು. ಹಿರಿಯವನು ಆರ್ಥರ್, ಆಳುವವನು ಟಾಮಿ. ಹಿಸ್ಸೆ, ಪಾಲುಪಟ್ಟಿ ಕಂಡ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೈಕಲ್ ಬಂದ ಕೂಡಲೇ ನಮ್ಮತ್ತೆ ಹೇಳಿದ್ದು, “ಇವ ಸುಮ್ನೆ ಬಂದವ ಅಲ್ಲ, ಪಾಲು ಕೇಳ್ತಾನೆ ನೋಡು.” ಐದನೇ ಸೀಸನ್‌ನ ಕೊನೆಯ ಕಂತಿನಲ್ಲಿ ಅವನು ಕೇಳಿಯೇ ಬಿಟ್ಟ.

ಈಗ ಯಾವುದನ್ನು ನೋಡಬೇಕು. ಒಂದನೇ ಸೀಸನ್‌ನ ಮೊದಲ ಮತ್ತು ಕೊನೆಯ ಕಂತು. ಕೊನೆಯದರಲ್ಲಿ ಎರಡು ಗುಂಪು ಬಂದೂಕು ಹಿಡಿದು ಎದುರುಬದುರು ನಿಂತಿರುವಾಗ ಏಡಾ ಕಪ್ಪು ಬಟ್ಟೆಯುಟ್ಟು ಮಗುವಿನ ತಳ್ಳುಗಾಡಿಯನ್ನು ತಂದು ನಟ್ಟನಡುವೆ ನಿಲ್ಲಿಸುತ್ತಾಳೆ. ಈ ಮನೆಯ ಹೆಂಗಸರು ಎಂಥವರು ಅನ್ನುವುದು ಅಲ್ಲೇ ಗೊತ್ತಾಗುತ್ತದೆ. ಎರಡನೆಯದರಲ್ಲಿ ಎಪ್ಸಮ್ ಕುದುರೆ ರೇಸಿನ ಆರನೇ ಕಂತು ಸಾಕು. ಮೂರನೆಯದರಲ್ಲಿ ಮೊದಲೆರಡು, ಮದುವೆ ಮತ್ತು ಗ್ರೇಸ್‌ಗೆ ಗುಂಡು. ಆಮೇಲೆ ಆರನೆಯದು, ಟಾಮಿ ತನ್ನ ಮನೆಯವರನ್ನೇ ಪೊಲೀಸರ ಕೈಗೆ ಕೊಡುವುದು. ನಾಲ್ಕನೆಯದರ ಮೊದಲ ಕಂತನ್ನು ಬಿಡಲೇಬೇಡಿ, ಜಾನ್ ಹೋಗುವುದು ಅದರಲ್ಲಿ. ಕೊನೆಯದೂ ಬೇಕು, ಟಾಮಿ ಪಾರ್ಲಿಮೆಂಟಿಗೆ ಹೋಗುವುದು ಅಲ್ಲಿಂದ. ಐದನೆಯದರಲ್ಲಿ ಕೊನೆಯ ಕಂತು ಒಂದೇ. ಆರನೇ ಸೀಸನ್ ಪೂರ್ತಿ. ಒಟ್ಟು 15 ಕಂತು. ಪೂರ್ತಿ ನೋಡಿದ ಅಭಿಮಾನಿಗಳು ಇದಕ್ಕೆ ಬೈಯುತ್ತಾರೆ, ಬೈಯಲಿ. ಲಂಡನ್ನಿನ ಆಲ್ಫಿ ಸಾಲಮನ್ಸ್ ಬರುವ ಹಲವು ದೃಶ್ಯಗಳು ತಪ್ಪಿಹೋಗುತ್ತವೆ ಅನ್ನುವ ದೂರು ಮಾತ್ರ ನ್ಯಾಯವೇ. ಆ ಪಾತ್ರ ಮಾಡಿದ ಟಾಮ್ ಹಾರ್ಡಿ ಗೊಣಗುವುದನ್ನು ಕೇಳಲಿಕ್ಕೆಂದೇ ಆಮೇಲೆ ಬಿಡುವಾದಾಗ ಎರಡನೇ ಸೀಸನ್ ಪೂರ್ತಿ ನೋಡಿಕೊಳ್ಳಿ.

ಆರನೇ ಸೀಸನ್ ಹಾಕುವ ಮೊದಲು ಒಂದು ಮಾತನ್ನು ಮನೆಯವರಿಗೆ ಹೇಳಿಬಿಡಿ. ಪಾಲಿಯ ಪಾತ್ರ ಮಾಡಿದ ಹೆಲೆನ್ ಮೆಕ್‌ಕ್ರೋರಿ 2021ರ ಏಪ್ರಿಲ್‌ನಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದಕ್ಕೇ ಆರನೆಯದರಲ್ಲಿ ಪಾಲಿ ಇಲ್ಲ. ಅವಳ ಅಂತ್ಯಕ್ರಿಯೆಯನ್ನು ಮೊದಲ ಕಂತಿನಲ್ಲೇ ತೋರಿಸುತ್ತಾರೆ. ಮೊದಲೇ ಹೇಳದಿದ್ದರೆ, ಅವಳು ಎಲ್ಲಿ ಅನ್ನುವ ಪ್ರಶ್ನೆಯಲ್ಲೇ ಅರ್ಧ ಕಂತು ಕಳೆಯುತ್ತದೆ.

ಇನ್ನು ಡೌನ್‌ಲೋಡ್. ಫೋನಿಗೆ ಮಾತ್ರ ಇರುವ ಅಗ್ಗದ ಪ್ಲಾನ್‌ನಲ್ಲಿ ಟಿವಿಗೆ ಹಾಕಲು ಬರುವುದಿಲ್ಲ, ಹಣ ಕಟ್ಟುವ ಮೊದಲೇ ನೋಡಿಕೊಳ್ಳಿ. ವಿಂಡೋಸ್ ಲ್ಯಾಪ್‌ಟಾಪಿನ ಈಗಿನ ನೆಟ್‌ಫ್ಲಿಕ್ಸ್‌ನಲ್ಲಿ ಡೌನ್‌ಲೋಡ್ ಸೌಲಭ್ಯವೇ ಇಲ್ಲ. ಫೋನು ಅಥವಾ ಟ್ಯಾಬ್ ಬೇಕು. ಇವರು ಪೇಟೆಗೆ ಹೋದಾಗ ನಾಲ್ಕೈದು ಕಂತು ಇಳಿಸಿಕೊಂಡು ಬರುತ್ತಿದ್ದರು. ಡೌನ್‌ಲೋಡ್ ಗುಣಮಟ್ಟ ‘ಸ್ಟ್ಯಾಂಡರ್ಡ್’ ಇಡಿ. ‘ಸ್ಮಾರ್ಟ್ ಡೌನ್‌ಲೋಡ್ಸ್’ ಅನ್ನುವುದನ್ನು ಆಫ್ ಮಾಡಿ. ಇಲ್ಲದಿದ್ದರೆ ನೋಡಿದ್ದನ್ನು ಅಳಿಸಿ ಸಾಲಿನಲ್ಲಿ ಮುಂದಿನದನ್ನು ತಾನೇ ಇಳಿಸಿಕೊಳ್ಳುತ್ತದೆ. ನಾವು ಆರಿಸಿ ನೋಡುವವರು, ನಮಗೆ ಆ ಮುಂದಿನದು ಬೇಡ. ಇಳಿಸಿದ್ದಕ್ಕೂ ಅವಧಿ ಇರುತ್ತದೆ, ಮುಂದಿನ ಅಮಾವಾಸ್ಯೆಗೆ ಅಂತ ಕೂಡಿಡಬೇಡಿ. ಟಿವಿಯಲ್ಲಿ ನೋಡುವವರು ಇನ್ವರ್ಟರ್‌ಗೆ ಟಿವಿಯ ಜೊತೆ ವೈಫೈ ಡಬ್ಬಿಯನ್ನೂ ಸೇರಿಸಿ. ಟಿವಿ ಉರಿದು ನೆಟ್ ಸತ್ತರೆ ಏನು ಬಂತು?

ಭಾಷೆಯ ವಿಷಯಕ್ಕೆ ಬರೋಣ, ಕಷ್ಟ ಇರುವುದೇ ಇಲ್ಲಿ. ಬರ್ಮಿಂಗ್‌ಹ್ಯಾಮಿನವರ ಮಾತಿನ ಧಾಟಿ ಇಂಗ್ಲಿಷ್ ಮೀಡಿಯಂ ಓದಿದವರಿಗೂ ನುಂಗಲಾರದ ತುತ್ತು. ಇಂಗ್ಲಿಷ್ ಸಬ್‌ಟೈಟಲ್ ಹಾಕಿಯೇ ನೋಡಿ, ನಾಚಿಕೆ ಬೇಡ. ಇಂಗ್ಲಿಷ್ ಬಾರದವರಿಗೆ ಒಬ್ಬರು ಹೇಳುತ್ತಾ ಹೋಗಬೇಕು. ಸಾಲು ಸಾಲಾಗಿ ಹೇಳಲು ಹೊರಟರೆ ನೀವೂ ಸುಸ್ತು, ಕೇಳುವವರೂ ಸುಸ್ತು. ಮೂರೇ ಸಂಗತಿ ಹೇಳಿ: ಈಗ ಬಂದವನು ಇವರಿಗೆ ಏನಾಗಬೇಕು, ಅವನಿಗೆ ಏನು ಬೇಕು, ಇವರು ಕೊಟ್ಟರೋ ಇಲ್ಲವೋ. “ಇವನು ಪೊಲೀಸ್. ಕಾರ್ಖಾನೆಯಿಂದ ಕಳುವಾದ ಬಂದೂಕು ಹುಡುಕುತ್ತಾ ಇದ್ದಾನೆ. ಟಾಮಿ ಹತ್ರ ಇದೆ, ಕೊಡಲ್ಲ.” ಇಷ್ಟು ಸಾಕು. ಟಾಮಿ ಸುಮ್ಮನೆ ಸಿಗರೇಟು ಹಿಡಿದು ನೋಡುತ್ತಿರುವಾಗ ನೀವೂ ಸುಮ್ಮನಿರಿ. ಟಾಮಿಯ ಪಾತ್ರ ಮಾಡಿದ ಕಿಲಿಯನ್ ಮರ್ಫಿಯ ಮುಖ ಓದಲು ಅನುವಾದಕಿ ಬೇಕಾಗಿಲ್ಲ. “ಇವ ಎಂತಕ್ಕೆ ಉಣ್ಣದೇ ಇಲ್ಲ, ಬರೀ ಸೇದದು, ಕುಡಿಯದು?” ಅಂತ ಅತ್ತೆ ಕೇಳಿದ್ದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ.

ದೊಡ್ಡವರಿಗೆ ಮಾತ್ರ ಇರುವ ಕಥೆ ಇದು. ಮಕ್ಕಳು ಮಲಗಿದ ಮೇಲೆ ಹಾಕಿ. ಹಿರಿಯರ ಜೊತೆ ಕೂತಾಗ ಹತ್ತು ಸೆಕೆಂಡು ಮುಂದೆ ಹಾರಿಸುವ ಗುಂಡಿಯ ಮೇಲೆ ಬೆರಳಿರಲಿ. ನಮ್ಮ ಮನೆಯಲ್ಲಿ ಕತ್ತು ಕೊಯ್ದರೆ ಅತ್ತೆ ಕಣ್ಣು ಮಿಟುಕಿಸದೆ ನೋಡುತ್ತಾರೆ; ಮುತ್ತು ಕೊಟ್ಟರೆ ಮಾತ್ರ ಹಾಲಿಗೆ ಹೆಪ್ಪು ಹಾಕಿದೆನೋ ಇಲ್ಲವೋ ಅಂತ ಎದ್ದು ಹೋಗುತ್ತಾರೆ.

ಸಿನಿಮಾದ ದಿನಕ್ಕೆ ಹಿನ್ನೆಲೆ ಒಂದಿಷ್ಟು ಬೇಕು. ಧಾರಾವಾಹಿಯ ಕಥೆ 1934ಕ್ಕೆ ಮುಗಿದಿತ್ತು, ಸಿನಿಮಾ ನಡೆಯುವುದು 1940ರಲ್ಲಿ, ಎರಡನೇ ಮಹಾಯುದ್ಧದ ಬಾಂಬು ಬೀಳುತ್ತಿರುವ ಬರ್ಮಿಂಗ್‌ಹ್ಯಾಮಿನಲ್ಲಿ. ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಮಾವನವರ ಹಳೆಯ ಬಿಎಸ್‌ಎ ಸೈಕಲ್ ಇದೆ. ಆ ಹೆಸರು ಮೂಲತಃ ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್ ಕಂಪನಿಯದು, ಬಂದೂಕು ಮಾಡಿ ಆಮೇಲೆ ಸೈಕಲ್ಲು, ಬೈಕು ಮಾಡಿದವರು. ಮೊದಲ ಕಂತಿನ ಕಳುವಾದ ಬಂದೂಕುಗಳು ಅವರ ಕಾರ್ಖಾನೆಯವು. ಶೆಲ್ಬಿಗಳ ಊರಾದ ಸ್ಮಾಲ್ ಹೀತ್‌ನಲ್ಲಿದ್ದ ಆ ಕಾರ್ಖಾನೆಯ ಮೇಲೆ 1940ರ ನವೆಂಬರ್ 19ರ ರಾತ್ರಿ ನಿಜವಾಗಿಯೂ ಬಾಂಬು ಬಿದ್ದು 53 ಕಾರ್ಮಿಕರು ಸತ್ತರು. ಇದನ್ನು ಸೈಕಲ್ ತೋರಿಸಿ ಹೇಳಿದೆ. ಅತ್ತೆಗೆ ಬರ್ಮಿಂಗ್‌ಹ್ಯಾಮ್ ಅಂದರೆ ಯಾವುದೋ ಊರು ಅನ್ನುವುದು ಅಲ್ಲಿಗೆ ಹೋಯಿತು. ಐದು, ಆರನೇ ಸೀಸನ್‌ನ ಆಸ್ವಾಲ್ಡ್ ಮೋಸ್ಲಿಯೂ ನಿಜವಾಗಿ ಇದ್ದವನೇ. 1932ರಲ್ಲಿ ಬ್ರಿಟನ್ನಿನ ಫ್ಯಾಸಿಸ್ಟ್ ಪಕ್ಷ ಕಟ್ಟಿದವನು, 1940ರ ಮೇನಲ್ಲಿ ಸರ್ಕಾರ ಹಿಡಿದು ಒಳಗೆ ಹಾಕಿತು.

ಇನ್ನೊಂದು ಗೊಂದಲ ಮೊದಲೇ ಬಿಡಿಸಿ. ಧಾರಾವಾಹಿಯಲ್ಲಿ ಡ್ಯೂಕ್ ಆಗಿದ್ದವರು ಕಾನ್ರಾಡ್ ಖಾನ್, ಸಿನಿಮಾದಲ್ಲಿ ಬ್ಯಾರಿ ಕಿಯೋಗನ್. ಮುಖ ಬೇರೆ, ಮಗ ಒಬ್ಬನೇ. ಇದನ್ನು ಹೇಳಲು ನಾನು ಪೀಠಿಕೆ ಹಾಕುತ್ತಿದ್ದರೆ ಅತ್ತೆ, “ನಮ್ ಸೀರಿಯಲ್‌ನಾಗೆ ವರ್ಷಕ್ಕೊಂದ್ಸಲ ಸೊಸೇನೇ ಬದಲಾಗ್ತಾಳೆ, ನಂಗೆ ಹೇಳ್ತೀಯಾ” ಅಂದರು. ಬರೆದವರು ಮೊದಲಿನಿಂದಲೂ ಇದ್ದ ಸ್ಟೀವನ್ ನೈಟ್. ನಿರ್ದೇಶಕ ಟಾಮ್ ಹಾರ್ಪರ್ ಒಂದನೇ ಸೀಸನ್‌ನ ಕೊನೆಯ ಮೂರು ಕಂತು ಮಾಡಿದವರು, ಹಾಗಾಗಿ ಹೊಸಬರ ಕೈಗೆ ಹೋಯಿತು ಅನ್ನುವ ಭಯ ಬೇಡ.

ಸಿನಿಮಾವನ್ನು ಮಾತ್ರ ತುಂಡು ಮಾಡದೆ ಒಂದೇ ಸಲಕ್ಕೆ ಕೂತು ನೋಡಿ. ಊಟ ಮುಗಿಸಿ, ದನಕ್ಕೆ ಹುಲ್ಲು ಹಾಕಿ, ಹಾಳೆಯನ್ನು ಗೋಡೆಗೆ ಅಂಟಿಸಿ ಕೂತರಾಯಿತು. ಸತ್ತವರ ಹೆಸರಿನ ಮುಂದೆ ಗುರುತು ಹಾಕುವ ಕೆಲಸ ಅತ್ತೆಯದು. ಪೆನ್ಸಿಲ್ ಅವರ ಕೈಯಲ್ಲೇ ಇರಲಿ. ಟಾಮಿ ಯಾಕೆ ಎಲ್ಲರನ್ನೂ ಬಿಟ್ಟು ದೂರ ಹೋಗಿದ್ದ, ಯಾರು ವಾಪಸು ಎಳೆದರು, ಅವನ ಜಾಗದಲ್ಲಿ ಈಗ ಯಾರು ಕೂತಿದ್ದಾರೆ, ಈ ಮೂರನ್ನು ಹಿಡಿದುಕೊಂಡರೆ ಉಳಿದ ಗುಂಡಿನ ಸದ್ದು ತಲೆಗೆ ಹತ್ತದಿದ್ದರೂ ನಡೆಯುತ್ತದೆ.

ಮುಗಿದ ಮೇಲೆ ಹಾಳೆಯನ್ನು ಒಲೆಗೆ ಹಾಕಬೇಡಿ. ಇದೇ ಮನೆತನದ ಮುಂದಿನ ತಲೆಮಾರಿನ ಕಥೆಯನ್ನು, 1953ರ ಬರ್ಮಿಂಗ್‌ಹ್ಯಾಮಿನಲ್ಲಿ ಇಟ್ಟು, ಎರಡು ಸೀಸನ್ ಮಾಡುವುದಾಗಿ 2025ರ ಅಕ್ಟೋಬರ್‌ನಲ್ಲಿ ಘೋಷಿಸಿದ್ದಾರೆ. ಈ ಸುದ್ದಿಯನ್ನು ಹಿರಿಯರಿಗೆ ಸಿನಿಮಾ ಮುಗಿಯುವವರೆಗೆ ಹೇಳಬೇಡಿ. ಹೇಳಿದರೆ, “ಹಂಗಾರೆ ಇದು ಕೊನೇದಲ್ಲ, ನಾಳೆ ನೋಡಿದ್ರಾತು” ಅಂತ ಎದ್ದು ಮಲಗಲು ಹೋಗುತ್ತಾರೆ.