ಹಳೇ ಕೀಬೋರ್ಡಿನ ಸೆಟ್ಟಿಂಗ್ ಹೊಸದಕ್ಕೆ ತರುವುದು ಹೇಗೆ?

ಬನಶಂಕರಿ ಜಾತ್ರೆ ಹತ್ತಿರ ಬಂತು ಅಂದರೆ ಬಾಗಲಕೋಟೆಯ ನಮ್ಮ ಮನೆಗೆ ಕೀಬೋರ್ಡ್ ನುಡಿಸುವ ಹುಡುಗರು ಬರಲು ಶುರು ಮಾಡುತ್ತಾರೆ. ಹೊಸ ಕೀಬೋರ್ಡ್ ತಗೊಂಡಿರುತ್ತಾರೆ. ಹಳೆಯದರಲ್ಲಿ ವರ್ಷಗಟ್ಟಲೆ ಕೂತು ಮಾಡಿಟ್ಟ ಸೆಟ್ಟಿಂಗ್ ಎಲ್ಲಾ ಅದಕ್ಕೆ ಬರಬೇಕು. ಜಾತ್ರೆಯಲ್ಲಿ ನಾಟಕ ಕಂಪನಿಗೆ ನುಡಿಸುವವರಿಗೆ ಇದಿಲ್ಲದೆ ಆಗುವುದೇ ಇಲ್ಲ. ಪರದೆ ಏಳುವಾಗ ಒಂದು, ಹಾಸ್ಯಪಾತ್ರ ಬರುವಾಗ ಒಂದು, ತಾಯಿ ಅಳುವಾಗ ಒಂದು. ಬಟನ್ ಒತ್ತಿದ ಕೂಡಲೇ ಸರಿಯಾದ ಸದ್ದು ಬರಬೇಕು. ತಾಯಿ ಅಳುವಾಗ ಡೊಳ್ಳು ಬಂದರೆ ಜನ ಬಿಡುತ್ತಾರೆಯೇ?

ನನಗೆ ಚೆನ್ನಾಗಿ ಗೊತ್ತಿರುವುದು ಯಮಹಾ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ: 2012ರ ಪಿಎಸ್‌ಆರ್-ಎಸ್950ರಿಂದ 2019ರ ಪಿಎಸ್‌ಆರ್-ಎಸ್ಎಕ್ಸ್900ಕ್ಕೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ನೀವು ಮೆಮೊರಿ ಒತ್ತಿ, ಒಂದರಿಂದ ಎಂಟರವರೆಗಿನ ಬಟನ್ನುಗಳಲ್ಲಿ ಇಡುವ ಸೆಟ್ಟಿಂಗಿಗೆ ರಿಜಿಸ್ಟ್ರೇಷನ್ ಅನ್ನುತ್ತಾರೆ. ಅದರೊಳಗೆ ಸದ್ದು ಇರುವುದಿಲ್ಲ, ಸ್ಟೈಲೂ (ತಾನಾಗಿ ನುಡಿಯುವ ತಾಳ, ಹಿನ್ನೆಲೆ) ಇರುವುದಿಲ್ಲ. ಅದು ಬರೀ ವಿಳಾಸದ ಚೀಟಿ ಇದ್ದ ಹಾಗೆ. ಯಾವ ವಾಯ್ಸ್ (ವಾದ್ಯದ ದನಿ), ಯಾವ ಫೋಲ್ಡರಿನಲ್ಲಿರುವ ಯಾವ ಸ್ಟೈಲ್, ಟೆಂಪೋ (ವೇಗ) ಎಷ್ಟು, ಟ್ರಾನ್ಸ್‌ಪೋಸ್ (ಶ್ರುತಿ ಏರಿಳಿಸುವುದು) ಎಷ್ಟು, ಸ್ಪ್ಲಿಟ್ (ಎಡಗೈ, ಬಲಗೈ ವಾಯ್ಸ್ ಬೇರೆಯಾಗುವ ಜಾಗ) ಎಲ್ಲಿ ಅನ್ನುವುದಷ್ಟೇ ಅದರಲ್ಲಿ ಇರುತ್ತದೆ. ಹೋದ ವರ್ಷ ಒಬ್ಬ ಹುಡುಗ ಫೋನ್ ಮಾಡಿ, "ಅಣ್ಣಾರ, ಎಲ್ಲಾ ಕಾಪಿ ಮಾಡೀನ್ರಿ, ಆದ್ರ ಹಲಗಿ ಸ್ಟೈಲ್ ಒಂದೂ ಬರವಲ್ದು" ಅಂದ. ಚೀಟಿ ಬಂದಿತ್ತು, ಸ್ಟೈಲ್ ಹಳೇ ಕೀಬೋರ್ಡಿನಲ್ಲೇ ಉಳಿದಿತ್ತು.

ಅದಕ್ಕೇ ಸ್ಟೈಲ್ ಮೊದಲು, ರಿಜಿಸ್ಟ್ರೇಷನ್ ಆಮೇಲೆ.

ಪೆನ್‌ಡ್ರೈವನ್ನು ಹಳೇ ಕೀಬೋರ್ಡಿನಲ್ಲೇ ಫಾರ್ಮ್ಯಾಟ್ ಮಾಡಿಕೊಳ್ಳಿ. ಅದರಲ್ಲಿ ಮೊದಲೇ ಏನಾದರೂ ಇದ್ದರೆ ಅಳಿಸಿಹೋಗುತ್ತದೆ, ನೋಡಿಕೊಳ್ಳಿ. ಸ್ಟೈಲ್ ಪುಟ ತೆರೆದು ಯೂಸರ್ ಟ್ಯಾಬಿನಲ್ಲಿ ಏನೇನಿದೆಯೋ ಎಲ್ಲವನ್ನೂ ಕಾಪಿ ಮಾಡಿ, ಯುಎಸ್‌ಬಿ ಟ್ಯಾಬಿಗೆ ಹೋಗಿ ಪೇಸ್ಟ್ ಮಾಡಿ. ಮಲ್ಟಿ ಪ್ಯಾಡ್ (ಬಟನ್ ಒತ್ತಿದರೆ ನುಡಿಯುವ ಚಿಕ್ಕ ತುಣುಕುಗಳು) ಮತ್ತು ನೀವೇ ತಿದ್ದಿ ಉಳಿಸಿದ ವಾಯ್ಸ್‌ಗಳಿಗೂ ಹೀಗೇ ಮಾಡಿ. ಆಮೇಲೆ ರಿಜಿಸ್ಟ್ರೇಷನ್ ಬ್ಯಾಂಕಿನ (ಎಂಟು ಬಟನ್ನುಗಳ ಸೆಟ್ಟಿಂಗ್ ಸೇರಿದ ಒಂದು ಕಟ್ಟು) ಪ್ಲಸ್, ಮೈನಸ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ. ಬ್ಯಾಂಕುಗಳ ಪಟ್ಟಿ ಬರುತ್ತದೆ. ಅವನ್ನೂ ಕಾಪಿ ಮಾಡಿ. ಈ ಫೈಲುಗಳ ಕೊನೆಗೆ ಆರ್‌ಜಿಟಿ ಅಂತ ಇರುತ್ತದೆ.

ಕೆಲವರು ಒಂದೇ ಏಟಿಗೆ ಮುಗಿಯಲಿ ಅಂತ ಬ್ಯಾಕಪ್ ತೆಗೆದು ತರುತ್ತಾರೆ. ಬಿಯುಪಿ ಅಂತ ಕೊನೆಯಾಗುವ ಆ ಫೈಲ್ ಅದೇ ಮಾಡೆಲ್‌ಗೆ ಮಾತ್ರ. ಎಸ್950ರ ಬ್ಯಾಕಪ್ ಇನ್ನೊಂದು ಎಸ್950ಕ್ಕೆ ಸರಿ, ಎಸ್ಎಕ್ಸ್900ಕ್ಕೆ ಸುಮ್ನೆ.

ಈಗ ಹೊಸ ಕೀಬೋರ್ಡು. ಹಳೆಯದರಲ್ಲಿ ಸ್ಟೈಲುಗಳು ಯೂಸರ್ ಟ್ಯಾಬಿನ 'ಜಾನಪದ' ಅನ್ನುವ ಫೋಲ್ಡರಿನಲ್ಲಿ ಇದ್ದವು ಅಂತಿಟ್ಟುಕೊಳ್ಳಿ. ಹೊಸದರಲ್ಲೂ ಯೂಸರ್ ಟ್ಯಾಬಿನಲ್ಲೇ ಅದೇ ಹೆಸರಿನ ಫೋಲ್ಡರ್ ಮಾಡಿ, ಒಂದು ಅಕ್ಷರವೂ ಬದಲಾಗದ ಹಾಗೆ. ಸ್ಟೈಲುಗಳನ್ನು ಅದರೊಳಗೆ ಹಾಕಿ. ಹಳೆಯದರಲ್ಲಿ ಪೆನ್‌ಡ್ರೈವಿನಿಂದಲೇ ನುಡಿಸುತ್ತಿದ್ದಿರಾ? ಹಾಗಾದರೆ ಅದೇ ಪೆನ್‌ಡ್ರೈವು, ಅದೇ ಫೋಲ್ಡರು ಇರಲಿ. ಚೆಂದ ಕಾಣಲಿ ಅಂತ ಈಗ ಫೋಲ್ಡರ್ ಜೋಡಿಸಲು ಹೋಗಬೇಡಿ. ಇದೆಲ್ಲಾ ಆದ ಮೇಲೆ ಬ್ಯಾಂಕುಗಳನ್ನು ಪೇಸ್ಟ್ ಮಾಡಿ.

ಈ ಕೆಲಸ ಮನೆಯಲ್ಲಿ, ಕರೆಂಟು ನೆಟ್ಟಗೆ ಇರುವಾಗ ಮಾಡಿ. ಡೇರೆಯಲ್ಲಿ ಜನರೇಟರ್ ಮೇಲೆ ಬೇಡವೇ ಬೇಡ. ಫೈಲ್ ಬರೆಯುತ್ತಿರುವಾಗ ಪವರ್ ಹೋದರೆ ಒಳಗಿನ ಡೇಟಾನೇ ಕೆಡಬಹುದು.

ಎಕ್ಸ್‌ಪ್ಯಾನ್ಶನ್ ಪ್ಯಾಕ್ (ಹೊರಗಿನಿಂದ ಸೇರಿಸುವ ಸದ್ದುಗಳ ಕಟ್ಟು) ಹಾಕಿಸಿಕೊಂಡವರಿಗೆ ತಲೆನೋವು ಸ್ವಲ್ಪ ಜಾಸ್ತಿ. ಶಹನಾಯಿ, ಢೋಲಕ್, ಡೊಳ್ಳಿನ ಸ್ಯಾಂಪಲ್ ಎಲ್ಲಾ ಆ ಪ್ಯಾಕಿನಲ್ಲಿರುತ್ತವೆ, ನೀವು ಕಾಪಿ ಮಾಡಿದ ಫೈಲಿನಲ್ಲಲ್ಲ. ಹಳೇ ಮಾಡೆಲ್‌ಗೆ ಮಾಡಿದ ಇನ್‌ಸ್ಟಾಲ್ ಫೈಲ್ ಹೊಸದರಲ್ಲಿ ನೇರವಾಗಿ ಕೂರುವುದಿಲ್ಲ. ಹೊಸ ಕೀಬೋರ್ಡಿನಿಂದ ಇನ್‌ಸ್ಟ್ರುಮೆಂಟ್ ಇನ್ಫೋ ಫೈಲನ್ನು ಪೆನ್‌ಡ್ರೈವಿಗೆ ತೆಗೆಯಬೇಕು. ಕಂಪ್ಯೂಟರಿನಲ್ಲಿ ಯಮಹಾ ಎಕ್ಸ್‌ಪ್ಯಾನ್ಶನ್ ಮ್ಯಾನೇಜರ್‌ಗೆ ಅದನ್ನು ಕೊಟ್ಟು, ಈ ಕೀಬೋರ್ಡಿಗೆಂದೇ ಪ್ಯಾಕ್ ಮಾಡಬೇಕು. ಆಮೇಲೂ ಆ ವಾಯ್ಸ್‌ಗಳನ್ನು ಕೈಯಾರೆ ಮತ್ತೆ ಆರಿಸಿ ಮೆಮೊರಿ ಮಾಡಬೇಕಾಗಬಹುದು. ಇದಕ್ಕೆ ಅಡ್ಡದಾರಿ ಹುಡುಕಬೇಡಿ. ಒಂದು ಮಧ್ಯಾಹ್ನ ಎತ್ತಿಡಿ.

ಎಲ್ಲಾ ಬಂದ ಮೇಲೆ ಕೂತು ಕೇಳಿ. ಸಂಖ್ಯೆ ನೋಡಿ ಸರಿ ಇದೆ ಅನ್ನಬೇಡಿ, ಕಿವಿಯಿಂದ ಕೇಳಿ. ಹೊಸ ಮಾಡೆಲ್‌ನಲ್ಲಿ ವಾಯ್ಸ್ ಬೇರೆ, ಎಫೆಕ್ಟ್ ಬೇರೆ. ಅದೇ ವಾಲ್ಯೂಮ್ ಸಂಖ್ಯೆಗೆ ಕೊಳಲು ಮುಂದೆ ಬಂದು ಸ್ಟ್ರಿಂಗ್ಸ್ ಹಿಂದೆ ಸರಿಯಬಹುದು. ನಾನು ಮೊದಲು ನೋಡುವುದು ಟ್ರಾನ್ಸ್‌ಪೋಸ್. ನಮ್ಮ ಗಾಯಕರು ಕರಿ ಎರಡು (ಎರಡನೇ ಕಪ್ಪು ಮನೆ), ಕರಿ ನಾಲ್ಕು ಅಂತ ಪಟ್ಟಿ, ಅಂದರೆ ತಾವು ಹಾಡುವ ಶ್ರುತಿ, ಹೇಳುತ್ತಾರೆ. ಸಿ ಇಂದ ಬೆರಳು ಓಡಿಸುವ ಅಭ್ಯಾಸ ಇದ್ದವರು ಕರಿ ಎರಡಕ್ಕೆ ಪ್ಲಸ್ ಮೂರು ಇಟ್ಟಿರುತ್ತಾರೆ. ಮೆಮೊರಿ ಮಾಡುವಾಗ ಟ್ರಾನ್ಸ್‌ಪೋಸ್ ಮುಂದೆ ಟಿಕ್ ಇಲ್ಲದಿದ್ದರೆ ಅದು ಉಳಿದಿರುವುದೇ ಇಲ್ಲ. ಹಾಡುವವರು ಬಾಯಿ ತೆರೆದ ಮೇಲೆ ಗೊತ್ತಾಗುವುದು ಬೇಡ ಅಲ್ವಾ? ಶಹನಾಯಿ ನುಡಿಸುವವರು ಪಿಚ್ ಬೆಂಡ್ ರೇಂಜನ್ನೂ (ಸ್ವರ ಎಷ್ಟು ಜಾರುತ್ತದೆ ಅನ್ನುವುದು) ನೋಡಿ. ಹಾರ್ಮೋನಿಯಂ ಜತೆ ಕೂರುವವರು ಮಾಸ್ಟರ್ ಟ್ಯೂನ್ (ಇಡೀ ಕೀಬೋರ್ಡಿನ ಶ್ರುತಿ) ನೋಡಿ. ಅದು ಮೊದಲಿಗೆ 440 ಹರ್ಟ್ಸ್‌ನಲ್ಲಿರುತ್ತದೆ. ಹಳೆಯದರಲ್ಲಿ ಎಷ್ಟಿತ್ತೋ ಅಷ್ಟೇ ಇಡಿ.

ಒಂದೊಂದು ಬಟನ್ ತಿದ್ದಿದ ಮೇಲೆ ಮತ್ತೆ ಮೆಮೊರಿ ಮಾಡಿ, ಆಮೇಲೆ ಬ್ಯಾಂಕನ್ನೇ ಸೇವ್ ಮಾಡಿ. ಮೆಮೊರಿ ಬೇರೆ, ಸೇವ್ ಬೇರೆ. ಸೇವ್ ಮಾಡದೆ ಬೇರೆ ಬ್ಯಾಂಕ್ ತೆಗೆದರೆ ತಿದ್ದಿದ್ದೆಲ್ಲಾ ಹೋಯಿತು. ಹೊಸ ಹೆಸರಿನಲ್ಲಿ ಸೇವ್ ಮಾಡುವುದು ಒಳ್ಳೆಯದು. ಹಳೇ ಪ್ರತಿ ಹಾಗೇ ಇರುತ್ತದೆ.

ಹಳೆಯದರಲ್ಲಿ ಮ್ಯೂಸಿಕ್ ಫೈಂಡರ್ (ಹಾಡಿನ ಹೆಸರಿನಿಂದ ಸೆಟ್ಟಿಂಗ್ ತೆಗೆಯುವ ಪಟ್ಟಿ) ತುಂಬಿಸಿಟ್ಟವರು ಎಸ್ಎಕ್ಸ್900ರಲ್ಲಿ ಅದನ್ನು ಹುಡುಕಬೇಡಿ. ಅದರ ಜಾಗಕ್ಕೆ ಪ್ಲೇಲಿಸ್ಟ್ ಬಂದಿದೆ, ಅಲ್ಲೇ ಇಂಪೋರ್ಟ್ ಮಾಡಿಕೊಳ್ಳಬಹುದು.

ಕೋರ್ಗ್ ಕಂಪನಿಯ ಪಿಎ ಸರಣಿಯ ಕೀಬೋರ್ಡ್ ಇರುವವರಿಗೆ ದಾರಿ ಬೇರೆ. ಅಲ್ಲಿ ಎಲ್ಲವೂ ಸೆಟ್ ಅನ್ನುವ ಒಂದೇ ಫೋಲ್ಡರಿನಲ್ಲಿ ಇರುತ್ತದೆ. ಮೀಡಿಯಾ ಪುಟದಿಂದ ಹಳೆಯದರಲ್ಲಿ ಸೇವ್, ಹೊಸದರಲ್ಲಿ ಲೋಡ್. ಇಡೀ ಸೆಟ್ ಲೋಡ್ ಮಾಡಿದರೆ ಹೊಸದರ ಯೂಸರ್ ಜಾಗದಲ್ಲಿ ಇದ್ದದ್ದು ಅಳಿಸಿಹೋಗಬಹುದು. ಅದನ್ನು ಮೊದಲೇ ಬೇರೆ ಹೆಸರಿನಲ್ಲಿ ಉಳಿಸಿಕೊಳ್ಳಿ. ಹಳೆಯದರ ಸೆಟ್ಟನ್ನು ಹೊಸದು ಓದುತ್ತದೆ. ಹೊಸದರದ್ದನ್ನು ಹಳೆಯದು ಓದುತ್ತದೆ ಅಂತ ನಂಬಿ ಕೂರಬೇಡಿ.

ಯಮಹಾದಿಂದ ಕೋರ್ಗ್‌ಗೆ, ಕೋರ್ಗ್‌ನಿಂದ ರೋಲ್ಯಾಂಡ್‌ಗೆ ರಿಜಿಸ್ಟ್ರೇಷನ್ ಹೋಗುವುದಿಲ್ಲ. ಮಿಡಿ ಹಾಡುಗಳು ಹೋಗುತ್ತವೆ, ಅಷ್ಟೇ. ಅಂಥವರಿಗೆ ನೋಟುಬುಕ್ಕೇ ಗತಿ. ಒಂದು ಹಾಡಿಗೆ ಒಂದು ಸಾಲು ಸಾಕು: ಪಟ್ಟಿ, ಟೆಂಪೋ, ಬಲಗೈ ವಾಯ್ಸ್, ಎಡಗೈ ವಾಯ್ಸ್, ಯಾವ ತಾಳ, ಸ್ಪ್ಲಿಟ್ ಎಲ್ಲಿ. ಹಳೆಯದು ಕೈಯಲ್ಲಿರುವಾಗಲೇ ಬರೆದುಕೊಳ್ಳಿ. ಅದನ್ನು ಮಾರುವ ಮಾತು ಹೊಸದರಲ್ಲಿ ಒಂದು ಪೂರ್ತಿ ನಾಟಕ ನುಡಿಸಿದ ಮೇಲೆ.