ಒಂದೇ ಲೇನಿನಲ್ಲಿ ಎರಡು ಬ್ಯಾಂಡು

ರಾಗಿಗೆ ಬೆಂಕಿ ರೋಗ ತರುವ ಪೈರಿಕ್ಯುಲೇರಿಯಾ ಶಿಲೀಂಧ್ರದ ತಳಿವ್ಯತ್ಯಾಸ ಹುಡುಕುವುದು ನನ್ನ ಪಿಎಚ್‌ಡಿ ಕೆಲಸ. ಮಂಡ್ಯದ ಸುತ್ತ ಹೊಲ ತಿರುಗಿ, ಕತ್ತು ಕಪ್ಪಾಗಿ ಜೊಳ್ಳಾದ ತೆನೆಗಳನ್ನು ಕಾಗದದ ಕವರಿಗೆ ತುಂಬಿಕೊಂಡೆ. ಪ್ಲಾಸ್ಟಿಕ್ ಆದರೆ ದಾರಿಯಲ್ಲೇ ಬೂಸ್ಟು ಹಿಡಿಯುತ್ತದೆ. "ಯಾಕವ್ವ, ಚೆಂದಾಗಿರೋ ತೆನೆ ಬುಟ್ಟು ಜೊಳ್ಳೇ ಆರುಸ್ತಿದ್ದೀಯ?" ಅಂದರು ಹೊಲದ ಯಜಮಾನರು.

ಲ್ಯಾಬಿನಲ್ಲಿ ನನಗೆ ಅವಸರ. ರೋಗದ ಅಂಚು ಕತ್ತರಿಸಿ, ತೊಳೆದು, ಓಟ್ಸ್ ಬೆರೆಸಿದ ಅಗಾರ್ ಜೆಲ್ಲಿಯ ಮೇಲಿಟ್ಟೆ. ಬೂದು ಬೂಸ್ಟು ಬೆಳೆಯಿತು. ನೇರವಾಗಿ ಅದರಿಂದಲೇ ಡಿಎನ್ಎ ತೆಗೆದು ಮೇಟಿಂಗ್ ಟೈಪ್, ಅಂದರೆ ಕೂಡುವ ಬಗೆ, ತೋರಿಸುವ ಡಿಎನ್ಎ ಮಾರ್ಕರನ್ನು ಪಿಸಿಆರ್‌ನಲ್ಲಿ (ಬೇಕಾದ ಡಿಎನ್ಎ ತುಣುಕನ್ನು ನಕಲಿಸಿ ಹೆಚ್ಚಿಸುವ ವಿಧಾನ) ಓಡಿಸಿದೆ. ಈ ಶಿಲೀಂಧ್ರದಲ್ಲಿ ಮ್ಯಾಟ್ 1-1, ಮ್ಯಾಟ್ 1-2 ಅಂತ ಎರಡು ಬಗೆ. ಗಂಡು ಹೆಣ್ಣು ಅಂದುಕೊಳ್ಳಬೇಡಿ, ಅದು ಬೇರೆ. ಎರಡೂ ಕೂಡಿದರೆ ಗುಣಗಳು ಕಲಸಿ ಹೊಸ ತಳಿ ಹುಟ್ಟಬಹುದು. ಭತ್ತದ ಮೇಲಿನವು ಕೂಡುವುದು ಅಪರೂಪ, ರಾಗಿಯವು ಸಲೀಸು.

ಡಿಎನ್ಎ ತುಣುಕುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್ ನೋಡಿದರೆ ಒಂದೇ ಲೇನಿನಲ್ಲಿ, ಅಂದರೆ ಒಂದೇ ಮಾದರಿಯ ಸಾಲಿನಲ್ಲಿ, ಎರಡೂ ಬಗೆಯ ಬ್ಯಾಂಡು (ಗೆರೆ)! ಕುಣಿಯುತ್ತಾ ಗೈಡ್ ಹತ್ತಿರ ಓಡಿದೆ. ಅವರು ಕನ್ನಡಕ ತೆಗೆದು, "ಇದು ಹ್ಯಾಪ್ಲಾಯ್ಡ್ ಅಲ್ವೇನಮ್ಮಾ?" ಅಂದರು. ಅಷ್ಟೇ. ಪ್ರತಿ ಜೀನಿನದೂ ಒಂದೇ ಪ್ರತಿ ಇರುವ ಜೀವದಲ್ಲಿ ಎರಡೂ ಬಗೆ ಹೇಗೆ ಬಂದಾವು? ನನ್ನ ಪ್ಲೇಟಿನಲ್ಲಿದ್ದದ್ದು ಒಂದು ಶಿಲೀಂಧ್ರವಲ್ಲ, ಸಂತೆ. ಡಿಎನ್ಎ ಹಾಕದ ಕಂಟ್ರೋಲ್ ಲೇನ್ ಖಾಲಿಯೇ ಇತ್ತು, ತಪ್ಪನ್ನು ಪಿಸಿಆರ್ ಮೇಲೆ ಹಾಕುವಂತಿರಲಿಲ್ಲ.

ಆಮೇಲೆ ಒಂಟಿ ಬೀಜಕದ (ಸ್ಪೋರ್) ದಾರಿ ಹಿಡಿದೆ: ಒಂದೇ ಬೀಜಕದಿಂದ ಒಂದು ಶಿಲೀಂಧ್ರ ಬೆಳೆಸುವುದು. ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿ ಕತ್ತಿನ ತುಂಡಿಟ್ಟರೆ ಒಂದೆರಡು ದಿನಕ್ಕೆ ಬೀಜಕ ಬರುತ್ತವೆ. ನೀರಿನಲ್ಲಿ ಕದಡಿ, ಬರೀ ನೀರಿನ ಅಗಾರ್ ಮೇಲೆ ತೆಳ್ಳಗೆ ಹರಡಿ, ಬೆಳಗ್ಗೆ ಸೂಕ್ಷ್ಮದರ್ಶಕದಡಿ ಹುಡುಕಬೇಕು: ಪೇರ್ ಹಣ್ಣಿನ ಆಕಾರ, ಮೂರು ಕೋಣೆ, ತುದಿಯಿಂದ ಮೊಳಕೆ. ಸುತ್ತ ಬೇರೊಂದು ಇಲ್ಲದ್ದನ್ನು ಸೂಜಿಯಿಂದ ಅಗಾರ್ ಸಮೇತ ಎತ್ತಬೇಕು. ರಾಗಿಗೆ ಕತ್ತಿನ ರೋಗವಾದರೆ ನನಗೆ ಕತ್ತು ನೋವು.

ತಳಿ ಗುರುತಿಸುವ ಪಾಟ್-2 ಮಾರ್ಕರ್‌ಗೂ ಈ ಒಂಟಿ ಬೀಜಕವೇ ಬುನಾದಿ. ಜೀನೋಮಿನ (ಇಡೀ ಡಿಎನ್ಎ) ಉದ್ದಕ್ಕೂ ಚದುರಿರುವ, ಜಾಗದಿಂದ ಜಾಗಕ್ಕೆ ಜಿಗಿಯುವ ಡಿಎನ್ಎ ತುಣುಕು ಅದು. ಅವುಗಳ ನಡುವಿನ ಅಂತರವೇ ಬ್ಯಾಂಡುಗಳಾಗಿ ಬೆರಳಚ್ಚಿನಂತೆ ಮೂಡುತ್ತದೆ. ಕಲಬೆರಕೆ ಡಿಎನ್ಎ ಹಾಕಿದರೂ ಸೊಗಸಾದ ಬೆರಳಚ್ಚೇ ಬರುತ್ತದೆ, ಯಾರದೂ ಅಲ್ಲದ್ದು. ಮಸುಕು ಬ್ಯಾಂಡುಗಳನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಎರಡು ಸಲ ಓಡಿಸಿದಾಗಲೂ ಬಂದವಕ್ಕಷ್ಟೇ 1 (ಇದೆ), ಉಳಿದವಕ್ಕೆ 0 (ಇಲ್ಲ).

ಕೊನೆಗೆ ಕುತೂಹಲ ತಡೆಯದೆ ಮೊದಲ ದಿನದ ಆ ಕವರನ್ನೇ ತೆರೆದೆ. ಒಣಗಿದ ಅದೇ ಕತ್ತಿನಿಂದ ಒಂಟೊಂಟಿಯಾಗಿ ಎತ್ತಿದ ಬೀಜಕಗಳಲ್ಲಿ ಕೆಲವು 1-1, ಕೆಲವು 1-2. ಎರಡೂ ಒಂದೇ ಗೇಣಿನೊಳಗೆ ಕೂತಿದ್ದವು.