ಡ್ಯೂಟಿಯಲ್ಲಿದ್ದಾಗ ಯಾರಾದರೂ ಹೊಡೆದರೆ ಪರಿಹಾರ ಯಾರ ಹತ್ತಿರ ಕೇಳಬೇಕು?

ಹೊಡೆದವನನ್ನು ಪೊಲೀಸರು ಹಿಡಿದರೆ ಮುಗೀತು ಅಂತ ಬಹಳ ಜನ ಸುಮ್ಮನಾಗಿಬಿಡುತ್ತಾರೆ. ಆದರೆ ಅವನ ಜೇಬಲ್ಲಿ ನಿಮ್ಮ ಆಸ್ಪತ್ರೆ ಬಿಲ್ಲಿಗಾಗುವಷ್ಟು ದುಡ್ಡು ಇರಬೇಕಲ್ವಾ? ಸಾಮಾನ್ಯವಾಗಿ ಇರಲ್ಲ. ಹಾಗಾಗಿ ಇನ್ನಿಬ್ಬರನ್ನು ಕೇಳಬೇಕಾಗುತ್ತದೆ: ಕೆಲಸ ಕೊಟ್ಟವರು ಮತ್ತು ಆ ಜಾಗದ ಮಾಲೀಕರು.

ಮೊದಲು ಡಾಕ್ಟರ ಹತ್ತಿರ ಹೋಗಿ. ಅಲ್ಲಿ ಮುಜುಗರಪಟ್ಟು "ಜಾರಿ ಬಿದ್ದೆ" ಅಂತ ಮಾತ್ರ ಹೇಳಬೇಡಿ. "ಕೆಲಸದಲ್ಲಿದ್ದಾಗ ಹೊಡೆದರು" ಅಂತಲೇ ಚೀಟಿಯಲ್ಲಿ ಬರೆಸಿ. ಆಮೇಲೆ ಪೊಲೀಸ್ ದೂರು. ಕಂಪನಿಗೂ ಬರೆದು ತಿಳಿಸಿ, ಮೇಲ್ ಆದರೂ ಸರಿ, ಮೆಸೇಜ್ ಆದರೂ ಸರಿ. ಬಾಯಿಮಾತಲ್ಲಿ ಹೇಳಿದ್ದನ್ನು ನಾಳೆ ಯಾರೂ ಒಪ್ಪಲ್ಲ.

ಈಗ ಕಂಪನಿ ವಿಷಯ. ಕಾರ್ಮಿಕ ಪರಿಹಾರ ಕಾನೂನು ಇರುವ ಹೆಚ್ಚಿನ ದೇಶಗಳಲ್ಲಿ ಕಂಪನಿಯ ತಪ್ಪು ತೋರಿಸಬೇಕಾಗಿಲ್ಲ, ಪೆಟ್ಟಿಗೂ ಕೆಲಸಕ್ಕೂ ಸಂಬಂಧ ಇತ್ತು ಅಂತ ತೋರಿಸಿದರೆ ಸಾಕು. ದುಡ್ಡು ದೋಚಲು ಬಂದವನು ಕ್ಯಾಶಿಯರ್‌ಗೆ ಹೊಡೆದರೆ ಸಂಬಂಧ ಇದೆ. ಊರ ಜಗಳ ಇಟ್ಟುಕೊಂಡು ಪಕ್ಕದ ಮನೆಯವನು ಆಫೀಸಿಗೇ ಬಂದು ಹೊಡೆದರೆ, ಕಷ್ಟ. ಇದಕ್ಕೊಂದು ಬೆಲೆಯೂ ಇದೆ: ಈ ಪರಿಹಾರ ಸಿಗುವ ಕಡೆ ಎಷ್ಟೋ ಸಲ "ಕಂಪನಿ ಎಚ್ಚರ ವಹಿಸಲಿಲ್ಲ" ಅಂತ ಬೇರೆ ಕೇಸ್ ಹಾಕಲು ಬಿಡಲ್ಲ. ಹೊಡೆದಿದ್ದು ಸ್ವತಃ ಧಣಿಯೇ ಆಗಿದ್ದರೆ ಮಾತು ಬೇರೆ.

"ಹೊಡೆದಾಟ ಆಗಿದ್ದು ಟಾಯ್ಲೆಟ್ ಹತ್ತಿರ, ಅದು ಕೆಲಸದ ಜಾಗ ಅಲ್ಲ" ಅಂತ ವಾದ ಬರಬಹುದು. ಕೆಲಸದಲ್ಲಾಗುವ ಹಿಂಸೆ, ಕಿರುಕುಳದ ಬಗ್ಗೆ ಇರುವ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 2019ರ 190ನೇ ಒಪ್ಪಂದ ನೋಡಿ, 2021ರ ಜೂನ್ 25ರಿಂದ ಜಾರಿಯಲ್ಲಿದೆ. ಊಟಕ್ಕೆ ಕೂರುವ ಜಾಗ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕೆಲಸಕ್ಕೆ ಹೋಗಿ ಬರುವ ದಾರಿ, ಎಲ್ಲವೂ ತನ್ನ ವ್ಯಾಪ್ತಿಗೆ ಬರುತ್ತದೆ ಅಂತ ಅದು ಹೆಸರಿಸಿದೆ. ನಿಮ್ಮ ದೇಶ ಅದನ್ನು ಅನುಮೋದಿಸಿದೆಯಾ ಅಂತ ವಕೀಲರನ್ನು ಕೇಳಿ.

ಕಟ್ಟಡದ ಮಾಲೀಕರು ಬೇರೆಯವರಾಗಿದ್ದರೆ ಅವರ ಮೇಲೆ ಪ್ರತ್ಯೇಕ ದಾವೆ ಹಾಕಬಹುದು. ನನ್ನ ಪ್ರಕಾರ ಜನ ಜಾಸ್ತಿ ಕೈಬಿಡುವುದು ಇದನ್ನೇ. ಇಲ್ಲಿ ಎಲ್ಲಾ ನಿಂತಿರುವುದು ಒಂದೇ ಪ್ರಶ್ನೆ ಮೇಲೆ: ಹೀಗಾಗಬಹುದು ಅಂತ ಅವರಿಗೆ ಮೊದಲೇ ಗೊತ್ತಿತ್ತಾ, ಅಥವಾ ಗೊತ್ತಿರಬೇಕಿತ್ತಾ? ನಾನು ಹಿಂದೆ ಕೆಲಸ ಮಾಡಿದ ಕಡೆ ಪಾರ್ಕಿಂಗ್‌ನ ಮೂಲೆಯ ಲೈಟ್ ಕೆಟ್ಟಿತ್ತು. ಸೆಕ್ಯುರಿಟಿಯವರ ರಿಜಿಸ್ಟರ್‌ನಲ್ಲಿ ಅದೇ ದೂರು ಮೂರು ಸಲ, ಒಂದೇ ಕೈಬರಹದಲ್ಲಿ, ಮೂರನೇ ಸಲ ಕೆಳಗೆ ಗೆರೆ ಎಳೆದು ಬರೆದಿತ್ತು. ನಮ್ಮ ನೈಟ್ ಶಿಫ್ಟ್ ಹುಡುಗನಿಗೆ ಪೆಟ್ಟು ಬಿದ್ದಿದ್ದು ಅಲ್ಲೇ. ಆ ಪುಟದ ಫೋಟೋ ಮುಂದೆ ಮಾಲೀಕರ "ನಮಗೇನೂ ಗೊತ್ತಿರಲಿಲ್ಲ" ನಿಲ್ಲಲಿಲ್ಲ.

ಅಂಥದ್ದನ್ನೇ ಹುಡುಕಿ. ಮುರಿದ ಬೀಗ, ಕಾವಲಿಲ್ಲದ ಗೇಟು, ಹಿಂದೆ ಆದ ಗಲಾಟೆಗಳು, ನೋಡಿದವರ ನಂಬರು. ಎಲ್ಲಕ್ಕಿಂತ ಮೊದಲು ಸಿಸಿಟಿವಿ: ಹಳೇ ರೆಕಾರ್ಡಿಂಗ್ ಮೇಲೆ ಹೊಸದು ತಾನಾಗೇ ಕೂರುತ್ತದೆ, ಕೆಲವು ಕಡೆ ಒಂದೆರಡು ವಾರದಲ್ಲೇ. ಇಂಥ ದಿನದ, ಇಂಥ ಗಂಟೆಯ ರೆಕಾರ್ಡಿಂಗ್ ಅಳಿಸಬೇಡಿ ಅಂತ ಇವತ್ತೇ ಬರೆದು ಕೊಟ್ಟು, ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ.

ಇನ್ನೊಂದು ವಿಷಯ. ಕಟ್ಟಡದ ಮಾಲೀಕರು ರಾಜಿಗೆ ಬಂದರೆ ಆತುರದಲ್ಲಿ ಸಹಿ ಮಾಡಬೇಡಿ. ನಿಮಗೆ ಈಗಾಗಲೇ ಪರಿಹಾರ ಕೊಟ್ಟ ಇನ್ಶೂರೆನ್ಸ್‌ನವರು ಆ ದುಡ್ಡಲ್ಲಿ ತಮ್ಮ ಪಾಲು ವಾಪಸ್ ಕೇಳಬಹುದು. ಅದನ್ನು ಕಳೆದು ಕೈಗೆ ಎಷ್ಟು ಉಳಿಯುತ್ತದೆ ಅಂತ ವಕೀಲರ ಹತ್ತಿರ ಲೆಕ್ಕ ಹಾಕಿಸಿ, ಆಮೇಲೆ ಪೆನ್ನು ಹಿಡಿಯಿರಿ.